ಹರಿಣಾಕ್ಷಿಯ ಎಣ್ಣೆ ಕುಪ್ಪಿ

ಹೆಮ್ಮಾಡಿಯ ಮೀನು ಮಾರ್ಕೆಟ್ಟಿನಲ್ಲಿ ಹರಿಣಾಕ್ಷಿಯ ಹತ್ತಿರ ಬಂಗುಡೆ ಕೊಂಡವರಿಗೆ ಚರ್ಮದ ಉಪದೇಶ ಪುಕ್ಕಟೆ. ಮಂಜುಗಡ್ಡೆಯಲ್ಲಿ ಕೈಯಾಡಿಸುತ್ತಲೇ ಅವಳು ಗಿರಾಕಿಗಳ ಮೊಣಕೈಯಿಂದ ಹಿಮ್ಮಡಿಯವರೆಗೆ ತಪಾಸಣೆ ಮುಗಿಸಿರುತ್ತಾಳೆ. "ಹ್ವಾಯ್ ಟೀಚರೇ, ಸೋಪ್ ಹಾಕಿ ಅಷ್ಟ್ ತಿಕ್ಬೇಡಿ. ಚರ್ಮ ಅಂದ್ರೆ ಮನಿ ಹಂಚಿನ್ ಮಾಡ್ ಇದ್ದಂಗೆ, ಹಂಚ್ ತೆಗ್ದ್ರೆ ಸೋರ್ದೆ ಇಕ್ಕಾ? ಮಿಂದ್ ಮೈ ಹಸಿ ಇಪ್ಪತಿಗೇ ಎಣ್ಣಿ ಹಚ್ಕಣಿ!" ಬುಟ್ಟಿಯ ಪಕ್ಕ ತೆಂಗಿನೆಣ್ಣೆಯ ಕುಪ್ಪಿ ಖಾಯಂ. ಇಷ್ಟೆಲ್ಲ ಬಲ್ಲವಳ ಅಂಗೈ ಮಾತ್ರ ಬಿರುಕುಬಿಟ್ಟು ರಕ್ತ ಜಿನುಗುತ್ತದೆ. ಸಂಜೆ ಬೈಂದೂರು ಬಸ್ಸು ಹತ್ತುವ ಮೊದಲು ಅವಳು ಬಟ್ಟೆ ಒಗೆಯುವ ಪುಡಿ ಹಾಕಿ ಕೈಯನ್ನು ಗಸಗಸ ತಿಕ್ಕುತ್ತಾಳೆ. ಎಣ್ಣೆ ಹಚ್ಚಿದರೆ ಮೀನಿನ ವಾಸನೆ ಉಳಿದುಬಿಡುತ್ತದೆಂಬ ಭಯ. ಬೆಳಿಗ್ಗೆ ಅವಳ ಬಂಗುಡೆ ಒಯ್ದವರೇ ಸಂಜೆ ಮೂಗು ಮುಚ್ಚಿ ಬೇರೆ ಸೀಟು ಹುಡುಕುತ್ತಾರಲ್ಲ! ನಿನ್ನೆ ಪುಡಿಯ ನೀರು ಬಿರುಕಿಗಿಳಿದು ಕಣ್ಣು ತುಂಬಿ ಬಂತು. ಪುಡಿಯ ಪೊಟ್ಟಣ ಎಸೆದು, ಕೈಗೆ ಎಣ್ಣೆ ಸವರಿ, ಬಸ್ಸು ಹತ್ತಿ, ಬೆಳಿಗ್ಗೆ ಬಂಗುಡೆ ಒಯ್ದಿದ್ದ ಅದೇ ಟೀಚರ ಪಕ್ಕ ಕೂತಳು. ಟೀಚರು ಸೆರಗನ್ನು ಮೂಗಿಗೆ ಒತ್ತಿದರು. "ಬಂಗ್ಡಿ ತಿಂಬತಿಗೆ ಇಲ್ದಿದ್ ವಾಸ್ನಿ ಬಸ್ಸಂಗ್ ಎಲ್ಲಿಂದ್ ಬಂತ್ ಟೀಚರೇ?" ಎಂದು ಕೇಳಿ, ಹರಿಣಾಕ್ಷಿ ಎರಡೂ ಅಂಗೈಯನ್ನು ಮಡಿಲಲ್ಲಿ ಬಿಚ್ಚಿಟ್ಟಳು. ಟೀಚರು ಅದನ್ನು ನೋಡಿ ಸೆರಗು ಇಳಿಸಿದರು. ಕಿಟಕಿಯನ್ನು ಮಾತ್ರ ಇನ್ನಷ್ಟು ತೆರೆದರು.