ಗಣತಿಗಾಗಿ ಕಾದ ಶಕುಂತಲಾಬಾಯಿ

ಬಸವಕಲ್ಯಾಣದ ಶಕುಂತಲಾಬಾಯಿ ಒಂದು ಮಾತನ್ನು ಹದಿನಾರು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದಳು. ಹೆಂಡತಿ ಅದನ್ನು ಮರೆತಿದ್ದಾಳೆ ಅಂತ ಗಂಡ ಮಹಾರುದ್ರಪ್ಪ ತಿಳಿದಿದ್ದ. ಪಾಪ, ಅವನಿಗೆ ತಿಳಿದದ್ದೇ ಅಷ್ಟು.

ಹಿಂದಿನ ಜನಗಣತಿಗೆ ಮಾಸ್ತರರೊಬ್ಬರು ಬಂದು ಪಡಸಾಲೆಯಲ್ಲಿ ಕೂತಿದ್ದರು. ತನ್ನ ಕೆಲಸ ಕೇಳಿದಾಗ ಮಹಾರುದ್ರಪ್ಪ ಗತ್ತಿನಿಂದ "ಅಡತ್ ವ್ಯಾಪಾರ" ಅಂತ ಬರೆಸಿದ. ಹುಮನಾಬಾದಿನ ಧಾನ್ಯದ ಬಜಾರಿನಲ್ಲಿದ್ದ ಅವನ ಆ ದಲ್ಲಾಳಿ ಅಂಗಡಿ ಮುಚ್ಚಿ ಆಗಲೇ ಎರಡು ವರ್ಷವಾಗಿತ್ತು. ಹೆಂಡತಿಯ ಕೆಲಸ ಕೇಳಿದಾಗ ನಕ್ಕುಬಿಟ್ಟ.

"ಆಕೀಗೇನ್ ಕೆಲಸ್ರಿ? ಮನ್ಯಾಗ ಖಾಲಿ ಕುಂದರ್ತಾಳ."

ಆ ಹೊತ್ತಿಗೆ ಅವಳು ಒಳಗೆ ರೊಟ್ಟಿ ಬಡಿಯುತ್ತಿದ್ದಳು. ಹುಮನಾಬಾದಿನ ಕಾರ್ಖಾನೆ ಕೆಲಸಗಾರರ ಖಾನಾವಳಿಗೆ ದಿನಾ ಇನ್ನೂರು ಜೋಳದ ರೊಟ್ಟಿ ಬಸ್ಸಿಗೆ ಹಾಕಬೇಕಿತ್ತು. ಮನೆ ನಡೆಯುತ್ತಿದ್ದದ್ದು ಅದರಿಂದಲೇ, ಗಂಡನ ಬಿಳಿ ಅಂಗಿಗೆ ಇಸ್ತ್ರಿ ಬೀಳುತ್ತಿದ್ದದ್ದೂ ಅದರಿಂದಲೇ. ಆ ಮಾತು ಅವಳ ಕಿವಿಗೆ ಬಿತ್ತು. ಆಗಲೇ ಹೊರಗೆ ಬಂದು ಜಗಳಾಡಬಹುದಿತ್ತು. ಜಗಳ ಸಂಜೆಗೆ ಮುಗಿದುಹೋಗುತ್ತದೆ. ಸರ್ಕಾರದ ದಾಖಲೆಯಲ್ಲಿ ತನ್ನನ್ನು ಅಳಿಸಿದವನನ್ನು ಸರ್ಕಾರದ ದಾಖಲೆಯಲ್ಲೇ ಅಳಿಸಬೇಕು ಅಂತ ಅವಳು ಹಲ್ಲು ಕಚ್ಚಿಕೊಂಡಳು.

ಹತ್ತು ವರ್ಷ ಕಾದಳು. ಗಣತಿಯ ವರ್ಷ ಬಂತು, ಕೊರೊನಾನೂ ಬಂತು, ಗಣತಿಯವರು ಮಾತ್ರ ಬರಲಿಲ್ಲ. ಊರಿನವರೆಲ್ಲ ಆ ರೋಗಕ್ಕೆ ಬೈದರೆ ಅವಳು ಒಂದು ಬೈಗುಳ ಹೆಚ್ಚೇ ಬೈದಳು.

ಮತ್ತೆ ಆರು ವರ್ಷ ಕಳೆದು, ಕೊನೆಗೂ ಈ ಸಲ ಐಶ್ವರ್ಯ ಟೀಚರ್ ಗಣತಿಗೆ ಅಂತ ಮೊಬೈಲ್ ಹಿಡಿದು ಮನೆಗೆ ಬಂದರು. ಮಹಾರುದ್ರಪ್ಪ ಕುರ್ಚಿ ಎಳೆದುಕೊಂಡು ಗಂಟಲು ಸರಿಮಾಡಿಕೊಂಡ. ಶಕುಂತಲಾಬಾಯಿ ಕೈಯ ಹಿಟ್ಟು ತೊಳೆದು ಬಂದು ಅವನ ಮುಂದೆಯೇ ಕೂತಳು.

"ಮನೀ ಯಜಮಾನರ ಹೆಸರು ಹೇಳ್ರಿ," ಅಂದರು ಟೀಚರ್.

"ಶಕುಂತಲಾಬಾಯಿ ಅಂತ ಬರಕೋರಿ. ನಾನೇ. ಕೆಲಸ ರೊಟ್ಟಿ ವ್ಯಾಪಾರ. ನನ್ನ ಕೈಕೆಳಗ ಮಾಣಿಕಮ್ಮ, ಮಹಜಬೀನ್ ಇಬ್ಬರು ದುಡ್ಯಾಕತ್ತಾರ."

"ನಿಮ್ಮ ಮನಿಯವರ ಹೆಸರ್ರಿ?"

ಮದುವೆಯಾಗಿ ಮೂವತ್ತೆರಡು ವರ್ಷವಾದರೂ ಗಂಡನ ಹೆಸರನ್ನು ಅವಳು ಬಾಯಿಗೆ ತಂದಿರಲಿಲ್ಲ. ಆಸ್ಪತ್ರೆಯ ಚೀಟಿ ಮಾಡಿಸುವಾಗಲೂ ಪಕ್ಕದವರಿಂದ ಹೇಳಿಸಿದ್ದಳು. ಈಗ ಓಣಿಗೆಲ್ಲ ಕೇಳುವಂತೆ ಅಂದಳು: "ಮಹಾರುದ್ರಪ್ಪ!"

"ಕೆಲಸ?"

"ಅವರಿಗೇನ್ ಕೆಲಸ್ರಿ? ಮನ್ಯಾಗ ಖಾಲಿ ಕುಂದರ್ತಾರ."

ಮಹಾರುದ್ರಪ್ಪನ ಮುಖ ಸಣ್ಣದಾಯಿತು. "ಅಡತ್ ಅಂತ ಹಾಕ್ರಿ, ಟೀಚರ್. ಆಕಿ ಮಾತ ಕೇಳಬ್ಯಾಡ್ರಿ."

"ಹೋದ ಒಂದ ವರ್ಷದಾಗ ಒಂದ ದಿನರೆ ದುಡಿದೀರೇನ್ರಿ, ಅಪ್ಪಾರ?" ಟೀಚರ್ ಕೇಳಿದರು.

ಅವನು ಹೆಂಡತಿಯ ಕಡೆ ನೋಡಿದ. ಅವಳು ಕಣ್ಣು ತಪ್ಪಿಸಲಿಲ್ಲ.

"ಇಲ್ರಿ," ಅಂದ ಅವನು, ನೆಲ ನೋಡುತ್ತ.

ಟೀಚರ್ ಮೊಬೈಲಿನಲ್ಲಿ 'ಕೆಲಸ ಇಲ್ಲ' ಅಂತ ಒತ್ತಿದರು. ಶಕುಂತಲಾಬಾಯಿಯ ಹೊಟ್ಟೆ ತಣ್ಣಗಾಯಿತು. ಅಯ್ಯೋ ಅನ್ನಿಸಬಹುದೇನೋ ಅಂತ ಸ್ವಲ್ಪ ಹೊತ್ತು ನೋಡಿದಳು, ಏನೂ ಅನ್ನಿಸಲಿಲ್ಲ.

ಮಧ್ಯಾಹ್ನ ಊಟಕ್ಕೆ ಕೂತಾಗ ಅವನು ಮೆಲ್ಲಗೆ ಅಂದ: "ಮೊದಲ ಅಡತ್ ಮಾಡತಿದ್ದೆ ಅಂತರೆ ಒಂದ ಮಾತ ಹೇಳಬೇಕಿತ್ತು."

ಅವಳು ಬಿಸಿ ರೊಟ್ಟಿಯನ್ನು ಅವನ ತಾಟಿಗೆ ಹಾಕಿದಳು.

"ಮುಂದಿನ ಗಣತಿಗೆ ಬರಸ್ರಿ. ಇನ್ನ ಹತ್ತ ವರ್ಷ ಅದ. ನಾ ಕಾಯ್ದಿಲ್ಲೇನು?"