ಅಜ್ಜನಿಗೊಂದು ಚಕ್ಕುಲಿ

ಕಟಪಾಡಿಯಲ್ಲಿ ನಮ್ಮಿಬ್ಬರನ್ನು ಇಳಿಸಿ ಬಸ್ಸು ಉಡುಪಿಯತ್ತ ಹೊರಟೇಹೋಯಿತು. ನನ್ನ ಕಾಗದದ ಕಟ್ಟು ಸೀಟಿನ ಮೇಲೆಯೇ ಉಳಿದಿದೆ ಎಂದು ಆಮೇಲೆ ಹೊಳೆಯಿತು. 'ಯುವಜನರಲ್ಲಿ ಧರ್ಮ ಕ್ಷೀಣಿಸುತ್ತಿದೆಯೇ?' ಎಂಬ ಎಂ.ಎ. ಪ್ರಬಂಧಕ್ಕಾಗಿ ಕಾಪುವಿನಿಂದ ಕಾರ್ಕಳದವರೆಗೆ ಅಲೆದು ತುಂಬಿಸಿದ್ದ ಫಾರಂಗಳು ಅವು. ಎಂಬತ್ತರ ದಶಕದ ಆರಂಭ. ಇನ್ನೊಂದು ಪ್ರತಿ ಎಲ್ಲಿಂದ ಬರಬೇಕು?

ಜೊತೆಗಿದ್ದ ಗೆಳೆಯ ಸದಾನಂದ ಒಂದು ಕ್ಷಣ ಕಣ್ಣು ಮುಚ್ಚಿ ತೆರೆದ. "ಸಿಗ್ತದೆ ಮಾರಾಯ. ಕೊರಗಜ್ಜನಿಗೆ ಚಕ್ಕುಲಿ ಹೇಳಿಕೊಂಡಿದ್ದೇನೆ."

ನಮ್ಮ ಕಡೆಯ ಭೂತಾರಾಧನೆಯಲ್ಲಿ ಕಳೆದುಹೋದದ್ದನ್ನು ಹುಡುಕಿಕೊಡುವ ದೈವವೆಂದು ಕೊರಗಜ್ಜನಿಗೆ ಹೆಸರು; ಸಿಕ್ಕಿದರೆ ಚಕ್ಕುಲಿ ಒಪ್ಪಿಸುತ್ತೇನೆಂದು ಹರಕೆ ಹೊರುವುದು ವಾಡಿಕೆ.

ಒಂದು ಗಂಟೆ ಕಳೆದಿರಬೇಕು, ಅದೇ ಬಸ್ಸು ಮರಳಿ ಬಂತು. ಕಂಡಕ್ಟರ್ ನಗುತ್ತಾ ಕಟ್ಟನ್ನು ಕೈಗಿತ್ತ. ಎಲ್ಲಕ್ಕಿಂತ ಮೇಲಿದ್ದದ್ದು ಸದಾನಂದನೇ ತುಂಬಿದ ಫಾರಂ. 'ದೇವರಲ್ಲಿ ನಂಬಿಕೆ ಇದೆಯೇ?' ಎಂಬಲ್ಲಿ 'ಇಲ್ಲ' ಎಂಬುದಕ್ಕೆ ಕಾಗದ ಹರಿಯುವಷ್ಟು ಒತ್ತಿ ಗುರುತು ಹಾಕಿದ್ದ.

"ಇದೆಂತ ಮಾರಾಯ? ಇಲ್ಲ ಅಂತ ಬರೆದದ್ದು ನೀನೇ ಅಲ್ವಾ?"

"ನೀನು ಕೇಳಿದ್ದು ದೇವರದ್ದು. ಅಜ್ಜನದ್ದು ಅದರಲ್ಲಿ ಎಲ್ಲಿ ಉಂಟು?" ಎಂದವನೇ ಚಕ್ಕುಲಿ ಕೊಳ್ಳಲು ಎದುರಿನ ಅಂಗಡಿಗೆ ನಡೆದ.

ಧರ್ಮ ಕ್ಷೀಣಿಸುತ್ತಿದೆ ಎಂದೇ ನಾನು ಪ್ರಬಂಧದಲ್ಲಿ ಬರೆದೆ. ಫಾರಂಗಳು ಹೇಳಿದ್ದೂ ಅದನ್ನೇ. ಈಗಲೂ ಮನೆಯ ಬೀಗದ ಕೈ ಕಾಣದಿದ್ದರೆ ನನ್ನ ಬಾಯಿಗೆ ಮೊದಲು ಬರುವುದು ಚಕ್ಕುಲಿಯ ಹರಕೆ. ಯಾರಾದರೂ ಆ ಹಳೆಯ ಫಾರಂ ತಂದು ಮುಂದೆ ಹಿಡಿದರೆ, ನಾನೂ 'ಇಲ್ಲ' ಎಂದೇ ಗುರುತು ಹಾಕುವವ.