ಚೀಟಿಯ ಮೇಲೊಂದು ಹೆಸರು, ಒಂದು ಊರು

ನಮ್ಮ ಚರ್ಚಿನ ಬಾಗಿಲ ಪಕ್ಕದಲ್ಲಿ ಒಂದು ಮರದ ಪೆಟ್ಟಿಗೆಯಿದೆ. ಯಾರಿಗೆ ಏನು ಕಷ್ಟವಿದೆಯೋ ಅದನ್ನು ಒಂದು ಚೀಟಿಯಲ್ಲಿ ಬರೆದು ಅದರೊಳಗೆ ಹಾಕುತ್ತಾರೆ. ಭಾನುವಾರ ಪಾದ್ರಿಗಳ ಪ್ರಸಂಗ ಮುಗಿದ ಮೇಲೆ ಒಬ್ಬರು ಎದ್ದು ನಿಂತು ಆ ಚೀಟಿಗಳನ್ನು ಓದಬೇಕು. ಹೆಸರು, ಊರು, ಕಷ್ಟ, ಇಷ್ಟೇ. ಒಂದೊಂದನ್ನು ಓದಿದಾಗಲೂ ಸಭೆ ತಲೆ ಬಾಗಿಸಿ ಪ್ರಾರ್ಥಿಸುತ್ತದೆ. ಕಷ್ಟ ಕಳೆದವರು ಮರೆಯದೆ ಇನ್ನೊಂದು ಚೀಟಿ ಹಾಕಿ ಉಪಕಾರ ಹೇಳಬೇಕು ಎನ್ನುವುದೂ ರೂಢಿ. ಹೆಚ್ಚಿನವರು ಮರೆಯುತ್ತಾರೆ. ನಾನು ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಎಂದು ವರ್ಗವಾಗುತ್ತಾ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿ, ಕೊನೆಗೆ ಹಾಸನದಲ್ಲಿ ರಿಟೈರಾದವಳು. ಗಂಟಲು ಗಟ್ಟಿ, ಒತ್ತಕ್ಷರ ನುಂಗುವುದಿಲ್ಲ. ಹಾಗಾಗಿ ಚೀಟಿ ಓದುವ ಕೆಲಸ ನನ್ನ ತಲೆಗೆ ಬಿತ್ತು.

ನಿಜ ಹೇಳಬೇಕೆಂದರೆ, ಚೀಟಿ ಓದಿದ ಮಾತ್ರಕ್ಕೆ ದೇವರು ತನ್ನ ಲೆಕ್ಕಾಚಾರ ಬದಲಾಯಿಸುತ್ತಾನೆ ಎಂದು ನಾನು ನಂಬಿದವಳಲ್ಲ. ನೆರೆಮನೆಯ ಪ್ರಸಾದ ಬಂದರೆ ಕಣ್ಣಿಗೊತ್ತಿಕೊಂಡೇ ತಿನ್ನುತ್ತೇನೆ. ನಂಬಿದರೆ ಕಾರು ಬರುತ್ತದೆ, ಸೈಟು ಸಿಗುತ್ತದೆ ಎಂದು ಕೂಗುವ ಟಿವಿ ಬೋಧಕರನ್ನು ಕಂಡರೆ ಮೈ ಉರಿಯುತ್ತದೆ. ಸಭೆಯ ಹಿರಿಯರು ಹಿಂದಿನಿಂದ ನನ್ನನ್ನು ಅರ್ಧ ನಾಸ್ತಿಕಳು ಎನ್ನುತ್ತಾರಂತೆ. ಅನ್ನಲಿ. ಆದರೆ ಆ ಚೀಟಿಗಳ ಮೇಲೆ ಮಾತ್ರ ನನಗೆ ಮೊದಲಿನಿಂದಲೂ ಮಮತೆ. ಶುಂಠಿಗೆ ರೇಟು ಸಿಗಲಿ, ಡಿಗ್ರಿ ಮುಗಿಸಿದ ಮಗಳಿಗೆ ಎಂಥದಾದರೂ ಒಂದು ಕೆಲಸವಾಗಲಿ, ಬಾಡಿಗೆ ಮನೆಯ ಮಾಲೀಕರು ಇನ್ನೊಂದು ವರ್ಷ ಇರಲು ಬಿಡಲಿ. ದೇಶ ಹೇಗೆ ನಡೆಯುತ್ತಿದೆ ಎನ್ನುವುದು ಭಾಷಣಗಳಿಗಿಂತ ಆ ಪೆಟ್ಟಿಗೆಯಲ್ಲಿ ನನಗೆ ಚೆನ್ನಾಗಿ ತಿಳಿಯುತ್ತಿತ್ತು.

ದುದ್ದದ ಕಡೆಯ ಒಂದು ಹಳ್ಳಿಯಿಂದ ಪ್ರತಿ ಶನಿವಾರ ಒಬ್ಬಾಕೆ ನಮ್ಮ ಮನೆಗೆ ಬೆಣ್ಣೆ ತರುತ್ತಾಳೆ. ಒಕ್ಕಲುತನದ ಮನೆ, ಎರಡು ಸೀಮೆಹಸು, ಬಾಯಿ ಜೋರು. ಆ ಊರಿನ ಹೆಂಗಸರ ಡೈರಿಯಲ್ಲಿ ಹಾಲಿನ ಫ್ಯಾಟ್ ನೋಡಿ ರೇಟು ಕಟ್ಟುವ ಮಿಷನ್ನು ಒಳಕೋಣೆಯಲ್ಲಿತ್ತು. ಹಾಲು ಹಾಕಿದವರಿಗೆ ಬಾಯಲ್ಲಿ ಹೇಳಿದ್ದೇ ಲೆಕ್ಕ. ಮಿಷನ್ನನ್ನು ಹೊರಗೆ, ಎಲ್ಲರ ಕಣ್ಣೆದುರು ಇಡಿ ಎಂದು ಈಕೆ ಪಟ್ಟು ಹಿಡಿದಿದ್ದಳು. ಮಾತಿಗೆ ಬೆಲೆ ಸಿಗದಿದ್ದಾಗ ಈ ಸಲ ನಾನೇ ಅಧ್ಯಕ್ಷೆ ಆಗುತ್ತೇನೆ ಎಂದು ಹೊರಟಿದ್ದಳು. ಅಷ್ಟರಲ್ಲಿ ಗಂಡನಿಗೆ ಎದೆನೋವು ಬಂತು. ಹಾಸನದ ಆಸ್ಪತ್ರೆಗೆ ಸೇರಿಸಿದರು.

ಆ ಶನಿವಾರ ಬೆಣ್ಣೆಯಿಲ್ಲದೆ ಬಂದಳು. ಕುರ್ಚಿಯ ಮೇಲೆ ಕೂರಲಿಲ್ಲ, ಬಾಗಿಲಲ್ಲೇ ಕುಕ್ಕರಿಸಿದಳು.

"ಸೋಮ್ವಾರ ಆಪ್ರೇಸನ್ನು ಮೇಡಮ್ಮೋರೆ. ಮನೆದೇವ್ರಿಗೆ ಅರ್ಕೆ ಕಟ್ಕಂಡಿವ್ನಿ, ದರ್ಗಾಕೂ ಓಗ್ಬಂದೆ. ನಿಮ್ ಚರ್ಚಲ್ಲಿ ಚೀಟಿ ಓದ್ತೀರಂತಲ್ಲ, ನಮ್ದೂ ಒಂದ್ ಓದ್ಬುಡಿ. ಯಾವ್ ದೇವ್ರಾದ್ರೇನು, ಕೇಳುಸ್ಕಂಡ್ರೆ ಸಾಕು."

ನನಗೆ ಹಿಗ್ಗೋ ಹಿಗ್ಗು. ಸ್ಟಾಫ್ ರೂಮಿನಲ್ಲಿ ಇಡೀ ಆಯುಷ್ಯ ಭಾಷಣ ಬಿಗಿದವಳು ನಾನು, ನಮ್ಮ ನಾಡಿನ ಜನ ದೇವರು ದೇವರಲ್ಲಿ ಭೇದ ಮಾಡುವವರಲ್ಲ, ನಮ್ಮ ಸೀಮೆ ಹಾಗೆ ಎಂದು. ಇದೋ, ಅದೇ ನನ್ನ ಹೊಸಿಲಲ್ಲಿ ಬಂದು ಕೂತಿದೆ ಅನ್ನಿಸಿತು. ಕಾಫಿ ಕೊಟ್ಟು, ಮುದ್ದಾದ ಅಕ್ಷರದಲ್ಲಿ ನಾನೇ ಚೀಟಿ ಬರೆದೆ. ಹೆಸರು, ಊರು, ಗಂಡನ ಆಪರೇಷನ್ನು. ವಾಸಿಯಾದ ಮೇಲೆ ಉಪಕಾರದ ಚೀಟಿ ಹಾಕುವ ರೂಢಿಯನ್ನೂ ಹೇಳಿದೆ. ಭಾನುವಾರ ಎಲ್ಲ ಚೀಟಿಗಳಿಗಿಂತ ಅದನ್ನೇ ಬಿಡಿಸಿ ಬಿಡಿಸಿ ಓದಿದೆ.

ಕೊರೊನಾ ಕಾಲದಲ್ಲಿ ಶುರುವಾದ ಒಂದು ಅಭ್ಯಾಸ ನಮ್ಮಲ್ಲಿ ಹಾಗೇ ಉಳಿದುಬಿಟ್ಟಿತ್ತು. ಮುಂದಿನ ಬೆಂಚಿನ ಪಕ್ಕ ಒಂದು ಸ್ಟ್ಯಾಂಡು, ಅದರ ಮೇಲೊಂದು ಮೊಬೈಲು. ಮನೆಯಿಂದ ಬರಲಾಗದ ಮುದುಕರಿಗಾಗಿ ಆರಾಧನೆಯೆಲ್ಲ ಲೈವ್ ಹೋಗುತ್ತಿತ್ತು. ಅದು ನನ್ನ ಕಣ್ಣೆದುರೇ ಇತ್ತು. ವಾರವಾರವೂ ನೋಡಿ ನೋಡಿ ಅದು ಇದೆ ಎನ್ನುವುದೇ ನನಗೆ ಮರೆತುಹೋಗಿತ್ತು.

ಆಪರೇಷನ್ ಚೆನ್ನಾಗಿಯೇ ಆಯಿತು. ಬುಧವಾರ ಆಕೆಯ ಫೋನು ಬಂತು. ನಾನು ಓದಿದ ಆ ಅರ್ಧ ನಿಮಿಷವನ್ನು ಯಾರೋ ಕತ್ತರಿಸಿ ಊರಿನ ವಾಟ್ಸಾಪ್ ಗುಂಪಿಗೆ ಹಾಕಿದ್ದರು. "ನಾನು ಜಾತಿ ಕೆಟ್ಟಿವ್ನಂತೆ, ಗಂಡನ್ ಆಸ್ಪತ್ರೆ ಬಿಲ್ಲು ಚರ್ಚೋರು ಕಟ್ಟವ್ರಂತೆ. ಡೈರಿ ತಾವ ಅದೇ ಮಾತು" ಎಂದಳು. ಅವಳ ದನಿಯಲ್ಲಿ ಸಿಟ್ಟಿತ್ತು, ಹೆದರಿಕೆ ಇರಲಿಲ್ಲ. ಹೆದರಿಕೆಯೆಲ್ಲ ನನಗೆ. ಮಿಷನ್ನು ಒಳಕೋಣೆಯಲ್ಲೇ ಇರಲಿ ಎನ್ನುವವರಿಗೆ ನಾನೇ ಕೈಯಾರೆ ಕೋಲು ಕೊಟ್ಟಿದ್ದೆ. ಜಗಳ ಹಾಲಿನದು, ಎದ್ದು ನಿಂತದ್ದು ಮಾತ್ರ ಧರ್ಮದ ಹೆಸರಿನಲ್ಲಿ. ಇದೆಲ್ಲ ನನಗೆ ಚೆನ್ನಾಗಿ ಅರ್ಥವಾಗುತ್ತಿತ್ತು. ಅರ್ಥವಾದರೇನು, ಗೇಟಿನ ಮುಂದೆ ಬೈಕು ನಿಂತ ಸದ್ದಾದರೆ ಕಿಟಕಿಯ ಪರದೆ ಎಳೆಯುತ್ತಿದ್ದೆ.

ಚರ್ಚಿನಲ್ಲೂ ಗಾಬರಿ ಹಬ್ಬಿತು. ಅಲ್ಲೆಲ್ಲೋ ಮತಾಂತರವೆಂದು ಕೇಸಾಯಿತಂತೆ, ಇಲ್ಲೆಲ್ಲೋ ಪ್ರಾರ್ಥನೆ ನಿಲ್ಲಿಸಿದರಂತೆ ಎಂದು ಎಲ್ಲರ ಬಾಯಲ್ಲೂ ಒಂದೊಂದು ಸುದ್ದಿ. ನಮ್ಮ ಅಯ್ಯನವರು, ಅಂದರೆ ಸಭೆಯ ಪಾದ್ರಿಗಳು, ಸಾಧು ಮನುಷ್ಯ. ಮೊಬೈಲ್ ಸ್ಟ್ಯಾಂಡು ತೆಗೆಸಿದರು. ಆಮೇಲೆ ನನ್ನನ್ನು ಕರೆದು, "ಅಮ್ಮಾ, ಆಯಮ್ಮ ಕೇಳಿಕೊಂಡಿರಲಿಲ್ಲ, ನೀವೇ ನಿಮ್ಮಷ್ಟಕ್ಕೆ ಹೆಸರು ಸೇರಿಸಿ ಓದಿದಿರಿ ಅಂತ ಒಂದು ಕಾಗದ ಬರೆದುಕೊಡಿ. ಅವರಿಗೂ ಒಳ್ಳೇದು, ನಮಗೂ ಒಳ್ಳೇದು" ಎಂದರು. ಅದು ಸುಳ್ಳಲ್ಲವೇ ಎಂದು ನಾನು ಕೇಳಬಹುದಿತ್ತು. ಕೇಳಲಿಲ್ಲ. ಅವಳನ್ನು ಉಳಿಸಲಿಕ್ಕೇ ಈ ಸುಳ್ಳು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡು ಬರೆದೆ. ಅವಳಿಗೊಂದು ಫೋನು ಮಾಡಿ ಕೇಳೋಣ ಅಂತ ಕೂಡ ಹೊಳೆಯಲಿಲ್ಲ. ಹೊಳೆಯಿತೇನೋ, ಮಾಡಲಿಲ್ಲ.

ಅಧ್ಯಕ್ಷೆಯ ಚುನಾವಣೆಗೆ ಮುಂಚೆ ಡೈರಿಯಲ್ಲಿ ಹೆಂಗಸರ ಸಭೆಯಿತ್ತು. ಕಾಗದ ಹಿಡಿದು ದುದ್ದದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಬ್ಯಾಗಿನೊಳಗೆ ಕೈ ಹಾಕಿ ಅದನ್ನು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದೆ. ಡೈರಿಯ ಜಗುಲಿಯಲ್ಲಿ ಹೆಂಗಸರು ಕೂತಿದ್ದರು, ಆಚೆ ರಸ್ತೆಯಲ್ಲಿ ಗಂಡಸರು ಕೈಕಟ್ಟಿ ನಿಂತಿದ್ದರು. ಈಕೆ ನನ್ನನ್ನು ಕಂಡು ಬೆರಗಾದಳು. ಮಾತಾಡಲು ಬಿಡದೆ ಕಾಗದ ಬಿಚ್ಚಿ ಓದಿಬಿಟ್ಟೆ. ಒತ್ತಕ್ಷರ ಒಂದೂ ನುಂಗಲಿಲ್ಲ.

ಓದಿ ಮುಗಿಸಿದೆ. ಒಬ್ಬ ಮುದುಕಿ, "ಅಂಗಾರೆ ಸರಿ ಬುಡು, ಟೀಚರಮ್ಮಂದೇ ತಪ್ಪು" ಎಂದಳು. ನನಗೆ ಉಸಿರು ಬಂತು. ಅಷ್ಟರಲ್ಲಿ ನಮ್ಮ ಬೆಣ್ಣೆಯಾಕೆ ಎದ್ದಳು.

"ಇಲ್ಲ ಕಣವ್ವ. ನಾನೇ ಓಗಿ ಕೇಳಿದ್ದು. ಗಂಡ ಸಾಯ್ತಾ ಬಿದ್ದಿದ್ದ, ಕೇಳ್ದೆ. ನಿಮ್ ಗಂಡ ಬಿದ್ದಿದ್ರೆ ನೀವೂ ಕೇಳೀರಿ. ನಾನೇನ್ ಯಾವ ದೇವ್ರುನ್ನೂ ಬುಟ್ಟಿಲ್ಲ. ಈಗ ಮಿಷನ್ನು ಈಚೆಗೆ ಯಾವಾಗ ಬತ್ತದೆ, ಅದ್ ಏಳಿ."

ಬಸ್ಸಿನವರೆಗೆ ನನ್ನ ಜೊತೆ ಬಂದಳು. ಬೈಯುತ್ತಾಳೆ ಎಂದುಕೊಂಡಿದ್ದೆ. ಬೈದಿದ್ದರೆ ಹಗುರಾಗುತ್ತಿತ್ತು. "ನನ್ನ ಉಳ್ಸಕ್ಕೆ ಬಂದ್ರಿ, ಗೊತ್ತು. ಒಂದ್ ಮಾತ್ ನನ್ನ ಕೇಳ್ನಿಲ್ವಲ್ಲ ಮೇಡಮ್ಮೋರೆ" ಎಂದಳು. ನಾನು ಕಿಟಕಿ ಪಕ್ಕ ಕೂತೆ, ತಿರುಗಿ ನೋಡಲಿಲ್ಲ.

ಚುನಾವಣೆಯಲ್ಲಿ ಸೋತಳು. ಮಿಷನ್ನು ಇವತ್ತಿಗೂ ಒಳಕೋಣೆಯಲ್ಲೇ ಇದೆ. ನಾನು ಕಾಗದ ಓದದೆ ಇದ್ದಿದ್ದರೂ ಸೋಲುತ್ತಿದ್ದಳೋ ಏನೋ, ನನಗೆ ಗೊತ್ತಿಲ್ಲ. ಈ ಪ್ರಶ್ನೆಯನ್ನು ಯಾರಲ್ಲೂ ಕೇಳುವ ಧೈರ್ಯವೂ ಇಲ್ಲ.

ಆಮೇಲಿನ ಶನಿವಾರ ಬರಲಾರಳು ಎಂದುಕೊಂಡಿದ್ದೆ. ಬಂದಳು. ಬೆಣ್ಣೆಯ ಡಬ್ಬಿ ಕೊಟ್ಟು, ರವಿಕೆಯೊಳಗಿಂದ ನಾಲ್ಕು ಮಡಿಕೆ ಮಾಡಿದ ಒಂದು ಚೀಟಿ ತೆಗೆದಳು. "ವಾಸಿಯಾದ್ಮೇಲೆ ಉಪ್ಕಾರ ಏಳ್ಬೇಕು ಅಂದಿದ್ರಲ್ಲ ನೀವು. ಕೇಳ್ಬುಟ್ಟು ಸುಮ್ಕೆ ಇರಾಕಾಯ್ತದಾ? ಈ ಸಲ ನಾನೇ ಬರ್ದಿವ್ನಿ. ಓದಿ." ದಪ್ಪ ದಪ್ಪ ಅಕ್ಷರ, ಗೆರೆಯಿಂದ ಕೆಳಗೆ ಜಾರಿದ್ದವು. ಯಜಮಾನರು ಈಗ ಓಡಾಡುತ್ತಾರೆ, ಪ್ರಾರ್ಥನೆ ಮಾಡಿದವರಿಗೆಲ್ಲ ಉಪಕಾರ. ಕೆಳಗೆ ಅವಳ ಹೆಸರು, ಅದರ ಕೆಳಗೆ ಊರು.

ಭಾನುವಾರ ಓದಲು ಎದ್ದೆ. ಸ್ಟ್ಯಾಂಡಿದ್ದ ಜಾಗ ಖಾಲಿಯಿತ್ತು, ಎಲ್ಲರೂ ನಮ್ಮವರೇ. ಹಿಂದಿನ ಬೆಂಚಿನಲ್ಲಿ ಮಾತ್ರ ನಾನು ಎಂದೂ ನೋಡದ ಒಬ್ಬ ಯುವಕ ಕೂತು ಮೊಬೈಲು ಒರೆಸುತ್ತಿದ್ದ. ಅವಳ ಚೀಟಿ ಕೈಯಲ್ಲಿ ಮೂರನೆಯದು. ಎರಡನೆಯದಾದ ಮೇಲೆ ನಾಲ್ಕನೆಯದನ್ನು ಓದಿದೆ. ಆರಾಧನೆ ಮುಗಿದ ಮೇಲೆ ಆ ಯುವಕನನ್ನು ಪರಿಚಯ ಮಾಡಿಸಿದರು. ನಮ್ಮ ಆರ್ಗನ್ ನುಡಿಸುವವರ ಅಳಿಯ, ಅರಕಲಗೂಡಿನವನು. "ಎಷ್ಟು ಸ್ಪಷ್ಟವಾಗಿ ಓದ್ತೀರಮ್ಮ" ಎಂದ.

ಮುಂದಿನ ಶನಿವಾರ ಆಕೆ ಬಂದಾಗ ಚೀಟಿ ನನ್ನ ಬ್ಯಾಗಿನಲ್ಲೇ ಇತ್ತು. ಡಬ್ಬಿ ಇಟ್ಟವಳೇ ಕೇಳಿದಳು, "ಓದುದ್ರಾ ಮೇಡಮ್ಮೋರೆ?"

"ಓದಿದೆ" ಎಂದೆ.

"ಊರಿನ್ ಎಸ್ರೂ ಏಳುದ್ರಾ?"

"ಹೇಳಿದೆ" ಎಂದೆ.